ಹ್ಯಾಂಗರಿನಲ್ಲೇ ಶುರುವಾಗುವ ಓಟ

ಜೂನ್ ತಿಂಗಳು ಬಂತೆಂದರೆ ಅಮೆರಿಕದ ಯಾವುದಾದರೂ ಒಂದು ಊರಿನ ವಿಮಾನ ನಿಲ್ದಾಣದಲ್ಲಿ ಪುಟ್ಟ ಪುಟ್ಟ ವಿಮಾನಗಳು ಸಾಲುಗಟ್ಟಿ ನಿಲ್ಲುತ್ತವೆ. ಮೂಗಿನ ತುದಿಗೊಂದು ಪ್ರೊಪೆಲ್ಲರ್, ಒಳಗೆ ಎರಡೋ ನಾಲ್ಕೋ ಸೀಟು, ಮೈಮೇಲೆ ದೊಡ್ಡದಾಗಿ ಅಂಟಿಸಿದ ಓಟದ ನಂಬರು. ಪೈಲಟ್ ಸೀಟಿನಲ್ಲೂ ಪಕ್ಕದ ಸೀಟಿನಲ್ಲೂ ಮಹಿಳೆಯರೇ. ನಾಲ್ಕು ದಿನಗಳಲ್ಲಿ, ಹಗಲು ಬೆಳಕಿದ್ದಾಗ ಮಾತ್ರ ಹಾರುತ್ತ, ಸುಮಾರು 2,400 ಮೈಲಿ ದೂರವನ್ನು ಅವರು ಕ್ರಮಿಸಬೇಕು. ‘ಏರ್ ರೇಸ್ ಕ್ಲಾಸಿಕ್’ ಎಂಬ ಈ ಓಟದ ದಾರಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2023ರಲ್ಲಿ ಉತ್ತರ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್‌ನಿಂದ ಹೊರಟವರು ಫ್ಲಾರಿಡಾದ ಹೋಮ್‌ಸ್ಟೆಡ್ ತಲುಪಿದರು. 2025ರಲ್ಲಿ ಅಲಬಾಮಾದ ಫೇರ್‌ಹೋಪ್‌ನಿಂದ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ವರೆಗೆ ಹಾರಿದರು.

ಈ ಓಟದ ಮಾತು ಬಂದಾಗಲೆಲ್ಲ ಓದುಗರು ಕೇಳುವುದು ಬಹುಪಾಲು ಒಂದೇ ಪ್ರಶ್ನೆ. ಭಾನುವಾರ ಸುಮ್ಮನೆ ಒಂದು ಸುತ್ತು ಹಾರಿ ಬರಲು ಇಟ್ಟುಕೊಂಡ ಸಣ್ಣ ವಿಮಾನವನ್ನು ಒಂದು ಖಂಡವನ್ನೇ ದಾಟುವ ಓಟಕ್ಕೆ ಸಜ್ಜು ಮಾಡುವುದು ಹೇಗೆ? ದೊಡ್ಡ ಎಂಜಿನ್ ಕೂರಿಸುತ್ತಾರೆಯೇ? ರೆಕ್ಕೆ ಬದಲಿಸುತ್ತಾರೆಯೇ? ಎರಡನ್ನೂ ಮಾಡುವುದಿಲ್ಲ. ಹಾಗೇಕೆ ಎಂದು ತಿಳಿಯಬೇಕಾದರೆ ಈ ಓಟದಲ್ಲಿ ಗೆಲುವನ್ನು ಲೆಕ್ಕ ಹಾಕುವ ಕ್ರಮವನ್ನು ಮೊದಲು ನೋಡಬೇಕು.

ಇಲ್ಲಿ ಒಂದು ವಿಮಾನ ಇನ್ನೊಂದರ ಜೊತೆ ಪೈಪೋಟಿಗೆ ಇಳಿಯುವುದಿಲ್ಲ. ಪ್ರತಿ ವಿಮಾನಕ್ಕೂ ಮೊದಲೇ ಒಂದು ಹ್ಯಾಂಡಿಕ್ಯಾಪ್ ವೇಗ ನಿಗದಿಯಾಗಿರುತ್ತದೆ. ಗಾಳಿಯ ಸಹಾಯವೂ ಅಡ್ಡಿಯೂ ಇಲ್ಲದಿದ್ದರೆ ಪೂರ್ಣ ಶಕ್ತಿಯಲ್ಲಿ ಈ ವಿಮಾನ ಇಷ್ಟು ವೇಗದಲ್ಲಿ ಹೋಗಬಲ್ಲದು ಎಂಬ ಅಳತೆ ಅದು. ಓಟದ ದಿನ ಆ ವೇಗವನ್ನು ಎಷ್ಟು ಮೀರಿದರು ಎಂಬುದೇ ಅಂಕ. ಸೆಸ್ನಾ ಎಂಬ ಸಣ್ಣ ವಿಮಾನವೊಂದರ ಹ್ಯಾಂಡಿಕ್ಯಾಪ್ ಗಂಟೆಗೆ 140 ಮೈಲಿ, ಅದಕ್ಕಿಂತ ಬಲಶಾಲಿಯಾದ ಇನ್ನೊಂದು ವಿಮಾನದ್ದು 180 ಮೈಲಿ ಎಂದಿಟ್ಟುಕೊಳ್ಳೋಣ. ಸೆಸ್ನಾ ಸರಾಸರಿ 150 ಮೈಲಿ ವೇಗದಲ್ಲಿ ದಾರಿ ಮುಗಿಸಿ, ಇನ್ನೊಂದು 187ರಲ್ಲಿ ಮುಗಿಸಿದರೆ ಗೆದ್ದದ್ದು ಸೆಸ್ನಾ. ಅದಕ್ಕೆ 10 ಅಂಕ, ಇದಕ್ಕೆ 7. ಗುರಿಯನ್ನು ಮೊದಲು ಮುಟ್ಟಿದವರು ಸೋಲಬಹುದು, ಎಲ್ಲರಿಗಿಂತ ಕೊನೆಗೆ ಬಂದವರು ಗೆಲ್ಲಬಹುದು. ಆದ್ದರಿಂದಲೇ ಅಂಕಗಳ ಲೆಕ್ಕ ಪೂರ್ತಿಯಾಗುವ ತನಕ ಗೆದ್ದವರು ಯಾರೆಂದು ಗೆದ್ದವರಿಗೂ ಗೊತ್ತಿರುವುದಿಲ್ಲ.

ಈ ಕ್ರಮದಿಂದಾಗಿ ತಯಾರಿಯ ಅರ್ಥವೇ ಬದಲಾಗುತ್ತದೆ. ವಿಮಾನಗಳು ಕಾರ್ಖಾನೆಯಿಂದ ಬಂದ ರೂಪದಲ್ಲೇ ಇರಬೇಕು, ಮಾರ್ಪಾಡುಗಳಿದ್ದರೆ ಅವಕ್ಕೆ ಅಧಿಕೃತ ಒಪ್ಪಿಗೆ ಇರಬೇಕು. ಮಾರ್ಪಾಡಿನಿಂದ ವೇಗ ಹೆಚ್ಚಿದರೆ ಹ್ಯಾಂಡಿಕ್ಯಾಪ್ ಕೂಡ ಹೆಚ್ಚುತ್ತದೆ, ಹಾಗಾಗಿ ಅದರಿಂದ ಲಾಭವಿಲ್ಲ. ಇಲ್ಲದ ಬಲವನ್ನು ಹೊಸದಾಗಿ ತುಂಬುವುದು ಇಲ್ಲಿ ಕೆಲಸವಲ್ಲ, ಇರುವ ಬಲ ಎಲ್ಲೆಲ್ಲಿ ಸೋರಿಹೋಗುತ್ತಿದೆ ಎಂದು ಹುಡುಕಿ ತಡೆಯುವುದು ಕೆಲಸ.

ಭೌತಶಾಸ್ತ್ರವೂ ಇದನ್ನೇ ಹೇಳುತ್ತದೆ. ತುಂಬಿದ ಹೊಳೆಯಲ್ಲಿ ಪ್ರವಾಹಕ್ಕೆ ಎದುರಾಗಿ ಹೆಜ್ಜೆ ಹಾಕಿದವರಿಗೆ ಗೊತ್ತಿರುವಂತೆ, ಅವಸರ ಮಾಡಿದಷ್ಟೂ ತಡೆ ಹೆಚ್ಚುತ್ತದೆ. ಗಾಳಿಯಲ್ಲೂ ಹಾಗೆಯೇ. ವಿಮಾನದ ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಆ ತಡೆಯನ್ನು ಮೀರಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ವೇಗವನ್ನು ಶೇ 10ರಷ್ಟು ಹೆಚ್ಚಿಸಬೇಕಾದರೆ ಶೇ 33ರಷ್ಟು ಹೆಚ್ಚು ಶಕ್ತಿ ಬೇಕು. 180 ಅಶ್ವಶಕ್ತಿಯ ಎಂಜಿನ್ ಇರುವಲ್ಲಿ ಸುಮಾರು 240 ಅಶ್ವಶಕ್ತಿಯದನ್ನು ತಂದು ಕೂರಿಸಿದಂತೆ. ಅದು ಸುಲಭವೂ ಅಲ್ಲ, ಹ್ಯಾಂಡಿಕ್ಯಾಪ್ ಕೂಡ ಏರುವುದರಿಂದ ಲಾಭವೂ ಇಲ್ಲ. ತಡೆಯನ್ನು ಕಡಿಮೆ ಮಾಡಿ ಗಂಟೆಗೆ ಒಂದೇ ಒಂದು ಮೈಲಿ ಗಳಿಸುವುದು ಮಾತ್ರ ಕೈಗೆಟುಕುವ ಮಾತು. 140 ಮೈಲಿ ವೇಗದ ವಿಮಾನ 141ಕ್ಕೆ ಏರಿದರೆ 2,400 ಮೈಲಿಯಲ್ಲಿ ಏಳು ನಿಮಿಷಕ್ಕೂ ಹೆಚ್ಚು ಸಮಯ ಉಳಿಯುತ್ತದೆ.

ವೇಗದ ಲೆಕ್ಕಕ್ಕಿಂತ ಮುಂಚೆ ಜೀವದ ಲೆಕ್ಕವಿದೆ. ಮಹಿಳೆಯರ ವಿಮಾನ ಓಟದ ಚರಿತ್ರೆ ಆ ಪಾಠದಿಂದಲೇ ಶುರುವಾಗುತ್ತದೆ.

1929ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಿಂದ ಓಹಾಯೋದ ಕ್ಲೀವ್‌ಲ್ಯಾಂಡ್ ಕಡೆಗೆ ಮೊದಲ ಮಹಿಳಾ ಏರ್ ಡರ್ಬಿ ಹೊರಟಿತು. ಅದರಲ್ಲಿ ಹೆಸರು ನೋಂದಾಯಿಸಿದ್ದವರು 20 ಮಂದಿ. ಅಮೆರಿಕದ ಪತ್ರಿಕೆಗಳು ಇವರ ಹಾರಾಟಕ್ಕಿಂತ ಉಡುಪಿನ ಬಗ್ಗೆಯೇ ಹೆಚ್ಚು ಬರೆದವು. ಹಾಸ್ಯಗಾರ ವಿಲ್ ರಾಜರ್ಸ್ ‘ಪೌಡರ್ ಪಫ್ ಡರ್ಬಿ’ ಎಂದು ಕರೆದ, ಆ ಹೆಸರೇ ನಿಂತಿತು. ಓಪಲ್ ಕುಂಜ್ ಎಂಬಾಕೆಯ ಸ್ವಂತ ವಿಮಾನದ ಎಂಜಿನ್ ಹೆಣ್ಣು ಓಡಿಸಲಾಗದಷ್ಟು ಬಲಶಾಲಿ ಎಂದು ಸಂಘಟಕರು ತೀರ್ಮಾನಿಸಿದ್ದರಿಂದ ಆಕೆ ಕಡಿಮೆ ಶಕ್ತಿಯ ಬೇರೆ ವಿಮಾನವನ್ನು ಹುಡುಕಿಕೊಳ್ಳಬೇಕಾಯಿತು. ಇಷ್ಟೆಲ್ಲದರ ನಡುವೆ ಯಂತ್ರಗಳ ಸ್ಥಿತಿಯ ಬಗ್ಗೆ ನಡೆಯಬೇಕಾದಷ್ಟು ಚರ್ಚೆ ನಡೆಯಲಿಲ್ಲ.

ಕಾನ್ಸಾಸ್‌ನ ವಿಚಿಟಾದಲ್ಲಿದ್ದ ಟ್ರಾವೆಲ್ ಏರ್ ಕಂಪನಿ 23 ವರ್ಷದ ಲೂಯಿಸ್ ಥೇಡನ್‌ಗಾಗಿ ಹೊಸ ವಿಮಾನವೊಂದನ್ನು ಸಿದ್ಧಮಾಡಿ ಕೊಟ್ಟಿತ್ತು. ಅದನ್ನು ಓಟ ಹೊರಡುವ ಊರಿಗೆ ಹಾರಿಸಿಕೊಂಡು ಹೋಗುವಾಗಲೇ ಆಕೆಗೆ ತಲೆಸುತ್ತು ಬಂತು, ಪ್ರಜ್ಞೆ ತಪ್ಪುವ ಸ್ಥಿತಿ ತಲುಪಿದಳು. ಎಂಜಿನ್ನಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಕಾಕ್‌ಪಿಟ್ಟಿಗೆ ನುಗ್ಗುತ್ತಿತ್ತು. ವಿಮಾನವನ್ನು ಬಿಚ್ಚಿ ಮತ್ತೆ ಕಟ್ಟುವಷ್ಟು ಸಮಯವಿರಲಿಲ್ಲ. ಹೊರಗಿನ ಗಾಳಿಯನ್ನು ನೇರ ಪೈಲಟ್‌ನ ಮುಖದ ಬಳಿಗೆ ತರುವಂತೆ 4 ಇಂಚಿನ ಕೊಳವೆಯೊಂದನ್ನು ಜೋಡಿಸಲಾಯಿತು. ಆ ಕೊಳವೆಗೆ ಮೂಗು ಹಿಡಿದು ಉಸಿರಾಡುತ್ತಲೇ ಥೇಡನ್ ಇಡೀ ಓಟವನ್ನು ಹಾರಿ, ಭಾರೀ ವಿಮಾನಗಳ ವಿಭಾಗದಲ್ಲಿ ಗೆದ್ದಳು. ಗ್ಲಾಡಿಸ್ ಓಡೊನೆಲ್ ಎರಡನೆಯವಳಾದಳು, ಅಮೇಲಿಯಾ ಇಯರ್‌ಹಾರ್ಟ್ ಮೂರನೆಯವಳು.

ಮಾರ್ವೆಲ್ ಕ್ರಾಸನ್ ಹಾರಿಸುತ್ತಿದ್ದುದೂ ಟ್ರಾವೆಲ್ ಏರ್ ವಿಮಾನವನ್ನೇ. ಓಟದ ಎರಡನೆಯ ದಿನ ಆಕೆಯ ವಿಮಾನ ಆರಿಜೋನಾದ ಮರುಭೂಮಿಯಲ್ಲಿ ಬಿತ್ತು, ಆಕೆ ಬದುಕಲಿಲ್ಲ. ವಿಷದ ಹೊಗೆಯೇ ಆಕೆಯ ಪ್ರಜ್ಞೆ ತಪ್ಪಿಸಿರಬೇಕು ಎಂಬ ಅನುಮಾನ ಅಂದಿನಿಂದಲೂ ಉಳಿದಿದೆ. ಟೆಕ್ಸಾಸ್‌ನ ಪೇಕಸ್ ಹತ್ತಿರ ಬ್ಲಾಂಚ್ ನೊಯೆಸ್‌ಳ ವಿಮಾನದ ಸಾಮಾನು ಇಡುವ ಜಾಗದಲ್ಲಿ ಹಾರುತ್ತಿದ್ದಾಗಲೇ ಬೆಂಕಿ ಹೊತ್ತಿಕೊಂಡಿತು. ಆಕೆ ಬಯಲಿನಲ್ಲಿ ಇಳಿದು, ಮರಳೆರಚಿ ಬೆಂಕಿ ಆರಿಸಿ, ಒಬ್ಬಳೇ ಮತ್ತೆ ಹಾರಿದಳು. ಪ್ಯಾಂಚೊ ಬಾರ್ನ್ಸ್ ಪೇಕಸ್‌ನಲ್ಲಿ ಇಳಿಯುವಾಗ ರನ್‌ವೇಗೆ ಬಂದಿದ್ದ ಕಾರಿಗೆ ವಿಮಾನ ಬಡಿದು ಓಟದಿಂದ ಹೊರಬಿದ್ದಳು. ಜರ್ಮನಿಯ ಥಿಯಾ ರಾಶೆಗೆ ಇಂಧನದಲ್ಲಿ ಸೇರಿದ್ದ ಕಸದಿಂದಾಗಿ ನಡುದಾರಿಯಲ್ಲಿ ಇಳಿಯಬೇಕಾಯಿತು. ಈ ಅವಘಡಗಳನ್ನು ಮುಂದಿಟ್ಟು ಓಟವನ್ನೇ ನಿಲ್ಲಿಸಬೇಕೆಂದು ಕೆಲವರು ಗಟ್ಟಿಯಾಗಿ ಒತ್ತಾಯಿಸಿದರು. ಪೈಲಟ್‌ಗಳು ಒಪ್ಪದೆ ಮುಂದೆ ಹಾರಿದರು. ಅದೇ ವರ್ಷದ ನವೆಂಬರ್ 2ರಂದು ನ್ಯೂಯಾರ್ಕ್ ಸಮೀಪದ ಕರ್ಟಿಸ್ ಫೀಲ್ಡ್‌ನಲ್ಲಿ ಮಹಿಳಾ ಪೈಲಟ್‌ಗಳು ಸಭೆ ಸೇರಿ ತಮ್ಮದೇ ಸಂಘಟನೆ ಕಟ್ಟಿದರು. 99 ಮಂದಿ ಸ್ಥಾಪಕ ಸದಸ್ಯರಾದದ್ದರಿಂದ ಸಂಘಟನೆಗೆ ‘ನೈನ್ಟಿ ನೈನ್ಸ್’ ಎಂಬ ಹೆಸರಾಯಿತು.

ಇಂದು ಓಟಕ್ಕೆ ತಯಾರಾಗುವ ವಿಮಾನದಲ್ಲಿ ಮೊದಲು ನೋಡುವ ಭಾಗಗಳಲ್ಲಿ ಸೈಲೆನ್ಸರ್ ಒಂದು. ಇದಕ್ಕೆ ಕಾರಣವಿದೆ. ಸಣ್ಣ ವಿಮಾನಗಳಲ್ಲಿ ಪೈಲಟ್‌ಗೆ ಬೆಚ್ಚನೆಯ ಗಾಳಿ ಬೇಕಾದರೆ, ಹೊರಗಿನ ಗಾಳಿಯನ್ನು ಬಿಸಿ ಸೈಲೆನ್ಸರ್‌ನ ಸುತ್ತ ಹಾಯಿಸಿ ಒಳಗೆ ಬಿಡುತ್ತಾರೆ. ಆ ಲೋಹದಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೂ ಹೊಗೆ ಆ ಗಾಳಿಯೊಂದಿಗೆ ಬೆರೆಯುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಕು, ತಪ್ಪು ತೀರ್ಮಾನ, ಆಮೇಲೆ ನಿದ್ದೆ. ಮೆಕ್ಯಾನಿಕ್‌ಗಳು ಮೇಲಿನ ಹೊದಿಕೆ ಬಿಚ್ಚಿ ಸೈಲೆನ್ಸರ್‌ನ ಬೆಸುಗೆಗಳನ್ನು ದೀಪ ಹಿಡಿದು ನೋಡುತ್ತಾರೆ. ಪೈಲಟ್‌ಗಳು ಕಾಕ್‌ಪಿಟ್‌ನಲ್ಲಿ ಈ ಅನಿಲವನ್ನು ಪತ್ತೆ ಹಚ್ಚುವ, ಶಬ್ದ ಮಾಡಿ ಎಚ್ಚರಿಸುವ ಪುಟ್ಟ ಸಾಧನ ಇಟ್ಟುಕೊಳ್ಳುತ್ತಾರೆ. ಥೇಡನ್‌ಗೆ ಅಂಥದೊಂದು ಸಿಕ್ಕಿರಲಿಲ್ಲ. ಇಂದಿನವರಿಗೆ ಸುಲಭವಾಗಿ ಸಿಗುವಾಗ ಅದಿಲ್ಲದೆ ಹಾರುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಅಮೆರಿಕದ ಕಾನೂನಿನ ಪ್ರಕಾರ ಪ್ರತಿ ಖಾಸಗಿ ವಿಮಾನಕ್ಕೂ ವರ್ಷಕ್ಕೊಮ್ಮೆ ಪೂರ್ಣ ತಪಾಸಣೆ ಆಗಲೇಬೇಕು. ವಿಮಾನವನ್ನು ಅಡಿಯಿಂದ ಮುಡಿಯವರೆಗೆ ಬಿಚ್ಚಿ ನೋಡುವ ಕೆಲಸವಿದು, ಅಧಿಕಾರಪತ್ರವಿರುವ ಮೆಕ್ಯಾನಿಕ್‌ನ ಸಹಿಯಿಲ್ಲದೆ ಮುಗಿಯುವುದಿಲ್ಲ. ಅನುಭವಿಗಳು ಇದನ್ನು ಓಟದ ಹಿಂದಿನ ವಾರಕ್ಕೆ ಇಟ್ಟುಕೊಳ್ಳುವುದಿಲ್ಲ. ಒಂದೆರಡು ತಿಂಗಳು ಮೊದಲೇ ಮುಗಿಸಿ, ಆಮೇಲೆ ಹಲವು ಗಂಟೆ ಹಾರಿ ನೋಡುತ್ತಾರೆ. ರಿಪೇರಿಯಾಗಿ ಬಂದ ಯಂತ್ರವೇ ಹೆಚ್ಚು ಭರವಸೆಯದು ಎಂದು ಹೊರಗಿನವರಿಗೆ ಅನಿಸಬಹುದು. ಆದರೆ ಬಿಗಿಯಾಗದೆ ಉಳಿದ ನಟ್ಟು, ಸರಿಯಾಗಿ ಕೂರದ ಹೋಸು, ಮರಳಿ ಜೋಡಿಸದೆ ಬಿಟ್ಟ ತಂತಿ ಇವೆಲ್ಲ ಬಾಯಿಬಿಡುವುದು ರಿಪೇರಿಯ ನಂತರದ ಮೊದಲ ಕೆಲವು ಗಂಟೆಗಳಲ್ಲಿ. ಆ ಗಂಟೆಗಳನ್ನು ಮನೆಯ ಹತ್ತಿರದ ಆಕಾಶದಲ್ಲಿ ಕಳೆಯುವುದು ಕ್ಷೇಮ.

ಎಂಜಿನ್ನಿನ ಆರೋಗ್ಯ ಹೇಳುವ ಪರೀಕ್ಷೆಗಳು ಕೆಲವಿವೆ. ಒಂದು, ಕಂಪ್ರೆಷನ್ ಪರೀಕ್ಷೆ. ಪ್ರತಿ ಸಿಲಿಂಡರ್‌ಗೂ 80 ಪಿಎಸ್‌ಐ ಒತ್ತಡದಲ್ಲಿ ಗಾಳಿ ತುಂಬಿ, ಅದರಲ್ಲಿ ಎಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ನೋಡುತ್ತಾರೆ. ಅಂಕಿ ತಗ್ಗಿದ್ದರೆ ಗಾಳಿ ಸೋರುವ ಸದ್ದನ್ನು ಕಿವಿಗೊಟ್ಟು ಕೇಳಬೇಕು. ಸದ್ದು ಸೈಲೆನ್ಸರ್ ಕೊಳವೆಯಲ್ಲಿ ಕೇಳಿದರೆ ಕವಾಟದ ತೊಂದರೆ, ಆಯಿಲ್ ತುಂಬುವ ಬಾಯಲ್ಲಿ ಕೇಳಿದರೆ ಪಿಸ್ಟನ್ ರಿಂಗ್‌ನದು. ಎರಡು, ಆಯಿಲ್ ಫಿಲ್ಟರ್. ಆಯಿಲ್ ಬದಲಿಸುವಾಗ ಹಳೆಯ ಫಿಲ್ಟರನ್ನು ಎಸೆಯದೆ ಕತ್ತರಿಸಿ, ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ, ಬಿಸಿಲಿಗೆ ಹಿಡಿದು ಲೋಹದ ಚೂರು ಮಿನುಗುತ್ತದೆಯೇ ಎಂದು ಹುಡುಕುತ್ತಾರೆ. ಎಂಜಿನ್ನಿನೊಳಗೆ ಏನಾದರೂ ಸವೆಯುತ್ತಿದ್ದರೆ ಮೊದಲ ಸುಳಿವು ಸಿಗುವುದು ಬಹುಪಾಲು ಅಲ್ಲಿಯೇ.

ಇನ್ನೊಂದು ಸ್ಪಾರ್ಕ್ ಪ್ಲಗ್. ವಿಮಾನದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರ್‌ಗೆ ಎರಡೆರಡು ಪ್ಲಗ್, ಅವಕ್ಕೆ ಕಿಡಿ ಕೊಡಲು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಮ್ಯಾಗ್ನೆಟೋ. ಒಂದು ಕೈಕೊಟ್ಟರೆ ಇನ್ನೊಂದು ನಡೆಸಿಕೊಂಡು ಹೋಗಲಿ ಎಂಬುದು ಉದ್ದೇಶ. ಈ ಎಂಜಿನ್ನುಗಳ ಇಂಧನದಲ್ಲಿ ಇಂದಿಗೂ ಬಹುಪಾಲು ಸೀಸವಿದೆ, ಅದು ಪ್ಲಗ್‌ಗಳಲ್ಲಿ ಸಣ್ಣ ಉಂಡೆಗಳಾಗಿ ಕಟ್ಟಿಕೊಳ್ಳುತ್ತದೆ. ಮುಖ್ಯವಾಗಿ ಕೆಳಗಿನ ಸಾಲಿನ ಪ್ಲಗ್‌ಗಳಲ್ಲಿ. ಹಾರುವ ಮುನ್ನ ಒಂದೊಂದೇ ಮ್ಯಾಗ್ನೆಟೋದಲ್ಲಿ ಎಂಜಿನ್ ಓಡಿಸಿ ಸುತ್ತುವ ವೇಗ ಎಷ್ಟು ಇಳಿಯುತ್ತದೆಂದು ಪ್ರತಿ ಪೈಲಟ್ ನೋಡುತ್ತಾಳೆ. ಸೆಸ್ನಾ 172ರ ‘ಎಸ್’ ಮಾದರಿಯಲ್ಲಿ ಆ ಇಳಿತ ನಿಮಿಷಕ್ಕೆ 150 ಸುತ್ತು ಮೀರಬಾರದು. ಓಟದ ತಯಾರಿಯಲ್ಲಿರುವವರು ಪ್ಲಗ್‌ಗಳನ್ನು ಬಿಚ್ಚಿ ತೊಳೆದು, ಅಂತರ ಸರಿಮಾಡಿ, ಮೇಲಿನವನ್ನು ಕೆಳಗೂ ಕೆಳಗಿನವನ್ನು ಮೇಲೂ ಹಾಕುತ್ತಾರೆ. ಆಯಿಲ್ ಬದಲಿಸುವುದು, ಪ್ಲಗ್ ತೊಳೆಯುವುದು, ಟೈರ್ ಬದಲಿಸುವುದು ಇಂಥ ಕೆಲಸಗಳನ್ನು ವಿಮಾನದ ಮಾಲೀಕಳಾದ ಪೈಲಟ್ ತಾನೇ ಮಾಡಿ ಲಾಗ್ ಪುಸ್ತಕದಲ್ಲಿ ಸಹಿ ಹಾಕಲು ಅಮೆರಿಕದ ನಿಯಮ ಅವಕಾಶ ಕೊಟ್ಟಿದೆ. ಅನೇಕರು ಈ ಅವಕಾಶವನ್ನು ಬಿಡುವುದಿಲ್ಲ. ಪ್ಲಗ್ ಬಿಚ್ಚಿ ಕೈ ಮಸಿ ಮಾಡಿಕೊಂಡವಳಿಗೆ, ಆಕಾಶದಲ್ಲಿ ಎಂಜಿನ್ ಒಮ್ಮೆ ಕೆಮ್ಮಿದರೆ ಅದಕ್ಕೆ ಕಾರಣ ಏನಿರಬಹುದೆಂಬ ಅಂದಾಜು ತಕ್ಷಣ ಹೊಳೆಯುತ್ತದೆ.

ಇಂಧನದ ವಿಷಯದಲ್ಲಿ ಥಿಯಾ ರಾಶೆಯ ಕಷ್ಟ ಇಂದಿಗೂ ಹಳತಾಗಿಲ್ಲ. ಓಟದ ದಾರಿಯಲ್ಲಿ ದಿನಕ್ಕೆ ಹಲವು ಅಪರಿಚಿತ ನಿಲ್ದಾಣಗಳಲ್ಲಿ ಟ್ಯಾಂಕು ತುಂಬಿಸಬೇಕು. 100ಎಲ್‌ಎಲ್ ಎಂಬ ವಿಮಾನದ ಪೆಟ್ರೋಲಿಗೆ ಗುರುತಿಗಾಗಿ ನೀಲಿ ಬಣ್ಣ ಹಾಕಿರುತ್ತಾರೆ. ನೀರು ಅದಕ್ಕಿಂತ ಭಾರ, ತಳಕ್ಕಿಳಿಯುತ್ತದೆ. ಹಾಗಾಗಿ ತಗ್ಗಿನ ಜಾಗಗಳಲ್ಲಿರುವ ಸಣ್ಣ ಕವಾಟಗಳಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಲೋಟಕ್ಕೆ ಹಿಡಿದು ನೋಡುತ್ತಾರೆ. ಸೆಸ್ನಾ 172ಎಸ್‌ನಲ್ಲಿ ಇಂಥ ಕವಾಟಗಳು 13. ಒಂದೊಂದು ರೆಕ್ಕೆಯಡಿಯಲ್ಲಿ ಐದು, ಮೂಗಿನ ಕೆಳಗೆ ಮೂರು. ಗಡಿಯಾರದ ಮೇಲೆ ಕಣ್ಣಿಟ್ಟಿರುವಾಗ ಹದಿಮೂರೂ ಕಡೆ ಬಗ್ಗಿ ನೋಡಲು ಶಿಸ್ತು ಬೇಕು. ಆ ಶಿಸ್ತನ್ನು ತಿಂಗಳುಗಳ ಮೊದಲೇ ರೂಢಿಸಿಕೊಂಡಿರಬೇಕು.

ವೇಗದ ಕೆಲಸ ಬಹುಪಾಲು ಬಕೆಟ್ಟು, ಸೋಪು, ಬಟ್ಟೆಗಳದ್ದು. ವಿಮಾನದ ಹೊಟ್ಟೆಯಡಿ ಆಯಿಲ್ ಮತ್ತು ಹೊಗೆಯ ಜಿಡ್ಡು ಕಟ್ಟಿರುತ್ತದೆ, ರೆಕ್ಕೆಯ ಮುಂಭಾಗದಲ್ಲಿ ಸತ್ತ ಹುಳುಗಳು ಒಣಗಿ ಅಂಟಿರುತ್ತವೆ. ರೆಕ್ಕೆಯ ಮೇಲೆ ನುಣುಪಾಗಿ ಜಾರಬೇಕಾದ ಗಾಳಿ ಈ ಒರಟಿಗೆ ತಾಗಿ ಕದಡುತ್ತದೆ. ಹಾಗಾಗಿ ನೆಲದ ಮೇಲೆ ಅಂಗಾತ ಮಲಗಿ ಹೊಟ್ಟೆ ಉಜ್ಜಬೇಕು, ಇಡೀ ಮೈಗೆ ವ್ಯಾಕ್ಸ್ ಹಚ್ಚಬೇಕು, ಓಟದ ದಿನಗಳಲ್ಲಿ ನಿಂತ ಕಡೆಯಲ್ಲೆಲ್ಲ ಹುಳುಗಳನ್ನು ಒರೆಸಬೇಕು. ಪ್ರೊಪೆಲ್ಲರ್‌ನ ಅಂಚಿಗೆ ಕಲ್ಲು ಬಡಿದು ಆದ ಕಚ್ಚುಗಳನ್ನು ಮೆಕ್ಯಾನಿಕ್ ಅರದಿಂದ ನಯವಾಗಿ ಉಜ್ಜುತ್ತಾನೆ. ಅದು ವೇಗಕ್ಕೂ ಹೌದು, ಅದಕ್ಕಿಂತ ಹೆಚ್ಚಾಗಿ ಆ ಕಚ್ಚು ಬಿರುಕಾಗಿ ಬೆಳೆದು ಅಲಗೇ ಮುರಿಯದಿರಲಿ ಎಂದು. ಚಕ್ರಗಳ ಮೇಲಿನ ಹೊದಿಕೆಗಳನ್ನು ಮಣ್ಣು ಮೆತ್ತಿಕೊಳ್ಳುತ್ತವೆ ಎಂದು ಕೆಲವರು ಬಿಚ್ಚಿಟ್ಟಿರುತ್ತಾರೆ. ಓಟಕ್ಕೆ ಮುನ್ನ ಅವು ಮರಳಿ ಜಾಗಕ್ಕೆ ಬರುತ್ತವೆ.

ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಕೈಬಿಟ್ಟು ನೋಡಿದಾಗ ವಿಮಾನ ಒಂದು ಪಕ್ಕಕ್ಕೆ ವಾಲುತ್ತಿದ್ದರೆ ಪೈಲಟ್ ಅದನ್ನು ಸದಾ ಎಳೆದು ಹಿಡಿಯಬೇಕಾಗುತ್ತದೆ. ಹಾಗೆ ಎಳೆದು ಹಿಡಿದ ಪ್ರತಿ ಕ್ಷಣವೂ ರೆಕ್ಕೆಯ ಅಂಚಿನ ಪಟ್ಟಿಗಳು ಗಾಳಿಗೆ ಅಡ್ಡವಾಗಿ ನಿಂತಿರುತ್ತವೆ. ತಂತಿಗಳ ಬಿಗಿ, ಫ್ಲ್ಯಾಪ್‌ಗಳು ಪೂರ್ತಿ ಮೇಲೆ ಕೂರುವ ಕೋನ, ಬಾಗಿಲು ಗಾಳಿಯಾಡದಂತೆ ಮುಚ್ಚುವ ರಬ್ಬರು ಇವನ್ನೆಲ್ಲ ಕೈಪಿಡಿಯಲ್ಲಿ ಹೇಳಿದ ಅಳತೆಗೆ ತರುವುದು ಮೆಕ್ಯಾನಿಕ್‌ನ ಕೆಲಸ. ನಿಯಮದಲ್ಲಿ ಇದಕ್ಕೆ ಯಾವ ಅಡ್ಡಿಯೂ ಇಲ್ಲ. ವಿಮಾನ ಹೊಸದಾಗಿದ್ದಾಗ ಹೇಗಿತ್ತೋ ಹಾಗೆ ಮಾಡಿದಂತಾಯಿತು, ಅಷ್ಟೇ.

ತೂಕದ ಲೆಕ್ಕ ಕಾಗದದ ಮೇಲೆ ನಡೆಯುತ್ತದೆ. ಸೆಸ್ನಾ 172ಎಸ್ ನೆಲ ಬಿಡುವಾಗ ಎಲ್ಲ ಸೇರಿ 2,550 ಪೌಂಡ್, ಅಂದರೆ ಸುಮಾರು 1,157 ಕೆ.ಜಿ. ಮೀರುವಂತಿಲ್ಲ. ಬಳಸಬಹುದಾದ ಇಂಧನ 53 ಗ್ಯಾಲನ್. ಗ್ಯಾಲನ್‌ಗೆ 6 ಪೌಂಡಿನಂತೆ ಅದೇ 318 ಪೌಂಡ್. ಇಬ್ಬರು ಪೈಲಟ್‌ಗಳು, ಪೂರ್ತಿ ಟ್ಯಾಂಕು, ಕುಡಿಯುವ ನೀರು, ಸಲಕರಣೆ ಇಷ್ಟಕ್ಕೆ ಜಾಗ ಸಾಕು, ಮೂರನೆಯವರು ಬಂದರೆ ಪ್ರತಿಯೊಂದನ್ನೂ ತೂಗಿಯೇ ಇಡಬೇಕು. ಸಮತಟ್ಟಾಗಿ ಹಾರುವಾಗ ತೂಕದಿಂದ ವೇಗ ತಗ್ಗುವುದು ಸ್ವಲ್ಪವೇ, ಮೇಲೇರುವಾಗ ಅದರ ಹೊರೆ ಹೆಚ್ಚು. ತೂಕ ಎಷ್ಟಿದೆ ಎಂಬುದರಷ್ಟೇ ಎಲ್ಲಿದೆ ಎಂಬುದೂ ಮುಖ್ಯ. ಗುರುತ್ವ ಕೇಂದ್ರ ಅನುಮತಿಸಿದ ಮಿತಿಯೊಳಗೆ ತುಸು ಹಿಂದಿದ್ದರೆ ಬಾಲವು ಕೆಳಮುಖವಾಗಿ ಒತ್ತಬೇಕಾದ ಬಲ ಕಡಿಮೆಯಾಗುತ್ತದೆ, ತಡೆಯೂ ಅಷ್ಟು ಇಳಿಯುತ್ತದೆ. ಮಿತಿ ದಾಟಿದರೆ ವಿಮಾನ ಹತೋಟಿಗೆ ಸಿಗುವುದಿಲ್ಲ. ಇದನ್ನು ಕಣ್ಣಂದಾಜಿನಲ್ಲಿ ಯಾರೂ ಮಾಡುವುದಿಲ್ಲ. ಪ್ರತಿ ಚೀಲವನ್ನೂ ತೂಗಿ, ಯಾವ ಜಾಗದಲ್ಲಿಟ್ಟರೆ ಕೇಂದ್ರ ಎಲ್ಲಿ ಬೀಳುತ್ತದೆ ಎಂದು ಲೆಕ್ಕ ಹಾಕಿ ಬರೆದಿಡುತ್ತಾರೆ.

ವೇಗ ತೋರಿಸುವ ಉಪಕರಣಕ್ಕೆ ಗಾಳಿ ಒದಗಿಸುವ ಪಿಟೋ ಟ್ಯೂಬ್ ರೆಕ್ಕೆಯಡಿಯ ಒಂದು ಸಣ್ಣ ಕೊಳವೆ. ಅದರ ಬಾಯಲ್ಲಿ ಕಣಜದ ಹುಳು ಗೂಡು ಕಟ್ಟಿದರೆ ವೇಗದ ಮುಳ್ಳು ಸುಳ್ಳು ಹೇಳುತ್ತದೆ. ನಿಲ್ಲಿಸಿದಾಗಲೆಲ್ಲ ಅದಕ್ಕೊಂದು ಟೊಪ್ಪಿಗೆ ಹಾಕಬೇಕು, ಹೊರಡುವಾಗ ತೆಗೆಯಲು ಮರೆಯಬಾರದು. ದಿಕ್ಸೂಚಿಯ ತಪ್ಪನ್ನು ಅಳೆದು ಪಟ್ಟಿ ಮಾಡಿರಬೇಕು. ಜಿಪಿಎಸ್ ಇದ್ದರೂ ಇದು ಬೇಕೇ ಎಂದರೆ, ಬೇಕು. ಕಾಕ್‌ಪಿಟ್ಟಿನ ಬಿಸಿಲಿಗೆ ಕಾದು ಟ್ಯಾಬ್ಲೆಟ್‌ಗಳು ಆರಿಹೋಗುವುದುಂಟು. ಒಂದು ಡಿಗ್ರಿ ದಿಕ್ಕು ತಪ್ಪಿದರೆ 60 ಮೈಲಿಗೆ ಒಂದು ಮೈಲಿ ಆಚೀಚೆಯಾಗುತ್ತದೆ ಎಂಬುದು ಹಳೆಯ ಪೈಲಟ್‌ಗಳ ಸೂತ್ರ. 300 ಮೈಲಿಯ ಹಂತವೊಂದರಲ್ಲಿ ಅದು 5 ಮೈಲಿ. ವ್ಯಾಕ್ಸ್ ಹಚ್ಚಿ ಗಳಿಸಿದ್ದೆಲ್ಲ ಅಲ್ಲೇ ಕರಗಿತು.

ವಿಮಾನ ಸಜ್ಜಾದ ಮೇಲೆ ಅದನ್ನು ಓದುವ ಕೆಲಸ ಉಳಿಯುತ್ತದೆ. ಬೇರೆ ಬೇರೆ ಎತ್ತರಗಳಲ್ಲಿ, ಥ್ರಾಟಲ್ ಪೂರ್ತಿ ತೆರೆದು, ಇಂಧನ ಮತ್ತು ಗಾಳಿಯ ಮಿಶ್ರಣವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ, ವೇಗ ಎಷ್ಟು, ಗಂಟೆಗೆ ಇಂಧನ ಎಷ್ಟು, ಸಿಲಿಂಡರ್‌ಗಳ ಶಾಖ ಎಷ್ಟು ಎಂದು ತಂಡಗಳು ಕೋಷ್ಟಕ ಮಾಡಿಕೊಳ್ಳುತ್ತವೆ. ಮೇಲೇರಿದಂತೆ ಗಾಳಿ ತೆಳುವಾಗಿ, ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು ಶೇ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಹಿಂದಿನಿಂದ ತಳ್ಳುವ ಗಾಳಿ ಮಾತ್ರ ಹೆಚ್ಚಾಗಿ ಎತ್ತರದಲ್ಲೇ ಸಿಗುತ್ತದೆ. ಏರಲು ಕಳೆದ ನಿಮಿಷಗಳನ್ನು ಆ ಗಾಳಿ ಮರಳಿಸುತ್ತದೆಯೇ ಎಂಬುದಕ್ಕೆ ಉತ್ತರ ಆ ಕೋಷ್ಟಕದಲ್ಲಿರುತ್ತದೆ. ಗಾಳಿ ಎದುರಿಗಿದ್ದರೆ ಹೊರಡದೆ ಕಾಯುವ ಸ್ವಾತಂತ್ರ್ಯವೂ ತಂಡಕ್ಕಿದೆ, ನಾಲ್ಕನೆಯ ದಿನದ ಗಡುವು ಮೀರಬಾರದು ಅಷ್ಟೇ. ಆದರೆ ಜೂನ್ ತಿಂಗಳ ಮಧ್ಯಾಹ್ನ ಅಮೆರಿಕದ ನಡುನಾಡಿನಲ್ಲಿ ಗುಡುಗು ಮಳೆಯ ಮೋಡಗಳು ಎದ್ದು ನಿಲ್ಲುತ್ತವೆ. ಕಾದವರಿಗೆ ಒಳ್ಳೆಯ ಗಾಳಿ ಸಿಗಬಹುದು, ಮುಂದೆ ಹೋಗಲಾಗದೆ ಸಿಕ್ಕಿಬೀಳಲೂಬಹುದು.

ಬಿಸಿಲಿನ ಲೆಕ್ಕ ಇನ್ನೊಂದು. 2024ರ ಓಟ ಮುಗಿದದ್ದು ಕೊಲರಾಡೋದ ಲವ್‌ಲ್ಯಾಂಡ್‌ನಲ್ಲಿ, ಸಮುದ್ರಮಟ್ಟದಿಂದ ಸುಮಾರು 5,000 ಅಡಿ ಮೇಲೆ. ಅಲ್ಲಿ 35 ಡಿಗ್ರಿ ಸೆಲ್ಸಿಯಸ್ ಬಿಸಿಲಿದ್ದರೆ ಗಾಳಿ 8,500 ಅಡಿ ಎತ್ತರದಲ್ಲಿರುವಷ್ಟು ತೆಳುವಾಗಿರುತ್ತದೆ. ನೆಲದ ಮೇಲೆ ನಿಂತಿರುವಾಗಲೇ ಎಂಜಿನ್ನಿನ ಕಾಲು ಭಾಗದಷ್ಟು ಶಕ್ತಿ ಹೋಯಿತು ಎಂದೇ ಲೆಕ್ಕ. ಫ್ಲಾರಿಡಾದ ಕರಾವಳಿಯಲ್ಲಿ ಹಾರಿ ಅಭ್ಯಾಸವಿರುವವರು ಇಂಥ ನಿಲ್ದಾಣಗಳಿಗೆ ಬರುವ ಮೊದಲೇ ರನ್‌ವೇ ಎಷ್ಟು ಉದ್ದ ಬೇಕೆಂದು ಕೈಪಿಡಿ ತೆರೆದು ನೋಡಿಟ್ಟುಕೊಳ್ಳುತ್ತಾರೆ.

ಪ್ರತಿ ಹಂತದ ಕೊನೆಯಲ್ಲಿ ನಿಲ್ದಾಣದ ಮೇಲೆ ತಗ್ಗಿನಲ್ಲಿ, ಪೂರ್ಣ ವೇಗದಲ್ಲಿ ಹಾದುಹೋಗಬೇಕು. ಆಗಲೇ ಸಮಯ ದಾಖಲಾಗುವುದು. ಸುತ್ತ ಬೇರೆ ಸ್ಪರ್ಧಿಗಳು, ಸ್ಥಳೀಯ ವಿಮಾನಗಳು, ರೇಡಿಯೊದಲ್ಲಿ ಒಟ್ಟಿಗೆ ನಾಲ್ಕು ದನಿಗಳು. ಇದನ್ನು ಮೊದಲ ಬಾರಿಗೆ ಓಟದ ದಿನವೇ ಮಾಡುವುದು ಅಪಾಯ. ಆದ್ದರಿಂದ ತಂಡಗಳು ತಮ್ಮೂರ ನಿಲ್ದಾಣದಲ್ಲೇ ಇದನ್ನು ಮತ್ತೆ ಮತ್ತೆ ಅಭ್ಯಾಸ ಮಾಡುತ್ತವೆ. ವಿಮಾನ ಹಾರಿಸುವವಳು ಯಾರು, ರೇಡಿಯೊದಲ್ಲಿ ಮಾತಾಡುವವಳು ಯಾರು, ಹೊರಗೆ ಕಣ್ಣಿಡುವವಳು ಯಾರು ಎಂದು ಮೊದಲೇ ಹಂಚಿಕೊಳ್ಳುತ್ತವೆ. ಸ್ಪರ್ಧಿಗಳಲ್ಲಿ ಅಜ್ಜಿಯರಾದವರೂ ಇದ್ದಾರೆ, ವಿಶ್ವವಿದ್ಯಾಲಯಗಳ ವೈಮಾನಿಕ ವಿಭಾಗದ ವಿದ್ಯಾರ್ಥಿನಿಯರೂ ಇದ್ದಾರೆ. ಕಾಲೇಜು ತಂಡಗಳಿಗೆ ಪ್ರತ್ಯೇಕ ಬಹುಮಾನವೂ ಇದೆ. ತರಗತಿಯಲ್ಲಿ ಓದಿದ ಗಾಳಿ, ತೂಕ, ಎಂಜಿನ್ನುಗಳ ಪಾಠವೆಲ್ಲ ಒಂದೇ ವಿಮಾನದಲ್ಲಿ ಒಟ್ಟಿಗೆ ಎದುರು ಬಂದು ನಿಲ್ಲುವ ಇಂಥ ಅವಕಾಶ ಆ ವಯಸ್ಸಿನವರಿಗೆ ಬೇರೆಡೆ ಸಿಗುವುದು ಕಷ್ಟ.

1929ರಲ್ಲಿ ಕೊಳವೆ ಹಿಡಿದು ಗೆದ್ದ ಥೇಡನ್, ಬೆಂಕಿ ಆರಿಸಿ ಹಾರಿದ ಬ್ಲಾಂಚ್ ನೊಯೆಸ್ 1936ರಲ್ಲಿ ಜೊತೆಯಾಗಿ ಬೀಚ್‌ಕ್ರಾಫ್ಟ್ ವಿಮಾನವೊಂದರಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಹಾರಿದರು. ಪುರುಷರ ಜೊತೆಗೇ ಸ್ಪರ್ಧಿಸಿ, 15 ಗಂಟೆಯೊಳಗೆ ಗುರಿ ಮುಟ್ಟಿ, ಬೆಂಡಿಕ್ಸ್ ಟ್ರೋಫಿ ಗೆದ್ದರು. ಎರಡನೆಯ ಮಹಾಯುದ್ಧದ ನಂತರ 1947ರಲ್ಲಿ ಖಂಡವನ್ನು ದಾಟುವ ಮಹಿಳೆಯರ ಓಟ ಮತ್ತೆ ಆರಂಭವಾಗಿ 1977ರವರೆಗೆ ನಡೆಯಿತು. ಫ್ರಾನ್ ಬೆರಾ ಅದನ್ನು ಏಳು ಬಾರಿ ಗೆದ್ದರು. ಅದು ನಿಂತ ವರ್ಷವೇ ಏರ್ ರೇಸ್ ಕ್ಲಾಸಿಕ್ ಹುಟ್ಟಿಕೊಂಡಿತು.

ಭಾರತಕ್ಕೂ ಈ ಕಥೆಯಲ್ಲಿ ತನ್ನದೇ ಒಂದು ಪುಟವಿದೆ. ಮಹಿಳಾ ಪೈಲಟ್ ಪ್ರೇಮ್ ಮಾಥುರ್ 1949ರ ರಾಷ್ಟ್ರೀಯ ವಿಮಾನ ಓಟ ಗೆದ್ದವರು. ಅದೇ ವರ್ಷ ಬೆಂಗಳೂರಿನ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯಿಂದ ಉಷಾ ಸುಂದರಂ ತರಬೇತಿ ಮುಗಿಸಿದರು. 1951ರಲ್ಲಿ ಅವರು ಪತಿ ವಿ. ಸುಂದರಂ ಜೊತೆಗೂಡಿ, ಮದ್ರಾಸ್ ಸರ್ಕಾರ ಕೊಂಡಿದ್ದ ಡಿ ಹ್ಯಾವಿಲೆಂಡ್ ಡವ್ ಎಂಬ ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನವನ್ನು ಲಂಡನ್ನಿನಿಂದ ಮುಂಬೈಗೆ 27 ಗಂಟೆಗಳಲ್ಲಿ ತಂದರು. ಇಂದು ಪೈಲಟ್‌ಗಳಲ್ಲಿ ಮಹಿಳೆಯರ ಪಾಲು ಭಾರತದಲ್ಲಿ ಜಗತ್ತಿನ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು. ಆದರೆ ಅವರಲ್ಲಿ ಹೆಚ್ಚಿನವರು ತರಬೇತಿಯ ಸಣ್ಣ ವಿಮಾನದಿಂದ ನೇರ ಜೆಟ್ಟಿಗೆ ಏರುತ್ತಾರೆ. ಸಣ್ಣ ವಿಮಾನವನ್ನು ಸ್ವಂತ ಕೈಯಿಂದ ತೊಳೆದು, ಪ್ಲಗ್ ಬಿಚ್ಚಿ, ತೂಗಿ, ಅಳೆದು, ನಾಲ್ಕು ದಿನ ಅದರ ಜೊತೆ ದೇಶ ಸುತ್ತುವ ಅವಕಾಶ ಅವರಿಗೆ ಇಲ್ಲಿಲ್ಲ.

ಅದನ್ನು ಕಲ್ಪಿಸುವುದು ಅಸಾಧ್ಯವೇನಲ್ಲ. 2022ರಿಂದ ಇಂಡಿಯನ್ ಆಯಿಲ್ 100ಎಲ್‌ಎಲ್ ಇಂಧನವನ್ನು ದೇಶದಲ್ಲೇ ತಯಾರಿಸುತ್ತಿದೆ. ಜಕ್ಕೂರು, ಶಿವಮೊಗ್ಗ, ಹುಬ್ಬಳ್ಳಿ, ಕಲಬುರಗಿ, ಬೀದರ್ ಎಂದು ಕರ್ನಾಟಕದೊಳಗೇ ಒಂದು ದಾರಿ ಗುರುತಿಸಬಹುದು. ತರಬೇತಿ ಶಾಲೆಗಳ ಬಳಿ ಇರುವ ವಿಮಾನಗಳಿಗೇ ಹ್ಯಾಂಡಿಕ್ಯಾಪ್ ನಿಗದಿ ಮಾಡಿ, ವಿದ್ಯಾರ್ಥಿನಿಯರ ಒಂದೊಂದು ತಂಡಕ್ಕೆ ಒಂದೊಂದು ವಿಮಾನವನ್ನು ಓಟಕ್ಕೆ ಎರಡು ತಿಂಗಳು ಮೊದಲೇ ಒಪ್ಪಿಸಬೇಕು. ಹಾರಾಟಕ್ಕೆ ಎಷ್ಟು ಅಂಕವೋ, ಮೆಕ್ಯಾನಿಕ್‌ನ ಜೊತೆ ನಿಂತು ಆ ವಿಮಾನವನ್ನು ಸಜ್ಜುಗೊಳಿಸಿದ್ದಕ್ಕೂ ಲಾಗ್ ಪುಸ್ತಕ ನೋಡಿ ಅಷ್ಟೇ ಅಂಕ ಕೊಡಬೇಕು. ನಾಗರಿಕ ವಿಮಾನಯಾನ ಇಲಾಖೆಯಾಗಲಿ ತರಬೇತಿ ಶಾಲೆಗಳಾಗಲಿ ಮುಂದೆ ಬಂದರೆ ಮೊದಲ ವರ್ಷಕ್ಕೆ ನಾಲ್ಕೈದು ವಿಮಾನಗಳು ಸಾಕು.